ಮೊದಲ ಮನೆಗೆ ಸರ್ಕಾರದ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಡಿಗೆ ಮನೆಯಲ್ಲಿದ್ದುಕೊಂಡು, ಒಂದಿಷ್ಟು ಹಣ ಕೂಡಿಟ್ಟು, ಜೀವನದಲ್ಲಿ ಮೊದಲ ಬಾರಿಗೆ ಸ್ವಂತ ಮನೆ ಕೊಳ್ಳಲು ಹೊರಟಿರುವ ಕುಟುಂಬಗಳಿಗಾಗಿ ಈ ಪುಟ. ಕರ್ನಾಟಕದ ನಗರ ಮತ್ತು ಪಟ್ಟಣಗಳಲ್ಲಿ ಕೊಳ್ಳುವವರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದ್ದೇವೆ. ಒಂದು ಮಾತನ್ನು ಮೊದಲೇ ಹೇಳಬೇಕು. ನಿಮಗೆ ನೆರವು ಸಿಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮುಂಗಡ ಕೊಡುವ ಮೊದಲೇ ತೀರ್ಮಾನವಾಗಿರುತ್ತದೆ. ಮನೆಯ ಬೆಲೆ, ಸಾಲದ ಮೊತ್ತ, ಕ್ರಯಪತ್ರದಲ್ಲಿ ಯಾರ ಹೆಸರು, ಕುಟುಂಬದ ಆದಾಯ ಎಷ್ಟು ಎಂಬ ನಾಲ್ಕು ಸಂಗತಿಗಳಲ್ಲಿ ಒಂದು ಗೆರೆ ದಾಟಿದರೂ ಆಮೇಲೆ ಯಾವ ಕಚೇರಿಗೆ ಅಲೆದರೂ ಅದನ್ನು ಸರಿಪಡಿಸಲಾಗದು. ಆದ್ದರಿಂದ ದಯವಿಟ್ಟು ಮನೆ ನೋಡಲು ಹೊರಡುವ ಮುನ್ನವೇ ಇದನ್ನು ಓದಿ.

ಮೊದಲ ಮನೆ ಕೊಳ್ಳುವವರಿಗೆ ಈಗ ನಿಜವಾಗಿ ಯಾವ ನೆರವುಗಳಿವೆ?

ದೊಡ್ಡದು ಕೇಂದ್ರ ಸರ್ಕಾರದ ಪ್ರಧಾನ ಮಂತ್ರಿ ಆವಾಸ್ ಯೋಜನೆ (ನಗರ) 2.0. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. 2024ರ ಸೆಪ್ಟೆಂಬರ್ 1ರಿಂದ ಐದು ವರ್ಷ, ಒಂದು ಕೋಟಿ ನಗರವಾಸಿ ಕುಟುಂಬಗಳ ಗುರಿ. ಇದರೊಳಗೆ ನಾಲ್ಕು ದಾರಿಗಳಿವೆ. ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಅನುದಾನ, ಸರ್ಕಾರಿ ಸಂಸ್ಥೆ ಅಥವಾ ಖಾಸಗಿಯವರು ಸಹಭಾಗಿತ್ವದಲ್ಲಿ ಕಟ್ಟುವ ಕೈಗೆಟುಕುವ ಮನೆಗಳು, ಬಾಡಿಗೆ ಮನೆಗಳು, ಮತ್ತು ಗೃಹಸಾಲಕ್ಕೆ ಬಡ್ಡಿ ಸಹಾಯಧನ. ಮಾರುಕಟ್ಟೆಯಲ್ಲಿ ಮನೆ ಕೊಳ್ಳುವವರಿಗೆ ಸಂಬಂಧಿಸಿದ್ದು ಕೊನೆಯದು.

ಇದರ ಜೊತೆಗೆ ರಾಜ್ಯ ಸರ್ಕಾರ ಕಡಿಮೆ ಬೆಲೆಯ ಹೊಸ ಫ್ಲ್ಯಾಟ್‌ಗಳಿಗೆ ಮುದ್ರಾಂಕ ಶುಲ್ಕದಲ್ಲಿ ಕೊಡುವ ರಿಯಾಯಿತಿ ಇದೆ, ಜಿಎಸ್‌ಟಿಯಲ್ಲಿ ಕಡಿಮೆ ದರ ಇದೆ, ಭವಿಷ್ಯ ನಿಧಿಯಿಂದ ಹಣ ತೆಗೆಯುವ ಅವಕಾಶ ಇದೆ. ಸಾಮಾನ್ಯವಾಗಿ ಎಲ್ಲರೂ ಸಹಾಯಧನದ ಬಗ್ಗೆ ಮಾತ್ರ ಕೇಳುತ್ತಾರೆ. ಆದರೆ ಕೆಲವು ಕುಟುಂಬಗಳಿಗೆ ಮುದ್ರಾಂಕ ಶುಲ್ಕದ ರಿಯಾಯಿತಿಯಿಂದ ಆಗುವ ಉಳಿತಾಯವೂ ಕಡಿಮೆಯದಲ್ಲ.

ಏಜೆಂಟರೊಬ್ಬರು 2.67 ಲಕ್ಷ ಸಬ್ಸಿಡಿ ಸಿಗುತ್ತದೆ ಎಂದರು. ನಿಜವೇ?

ಅಲ್ಲ. ಅದು ಹಳೆಯ ಯೋಜನೆಯ ಲೆಕ್ಕ. 2015ರಲ್ಲಿ ಆರಂಭವಾದ ಮೊದಲ ಆವಾಸ್ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಸಬ್ಸಿಡಿ ಇತ್ತು. ಕಡಿಮೆ ಆದಾಯದವರಿಗೆ 6 ಲಕ್ಷದವರೆಗಿನ ಸಾಲದ ಮೇಲೆ 6.5% ಬಡ್ಡಿ ನೆರವು, ಗರಿಷ್ಠ ಸುಮಾರು 2.67 ಲಕ್ಷ ರೂಪಾಯಿ ಒಂದೇ ಬಾರಿಗೆ ಸಾಲದ ಖಾತೆಗೆ ಬರುತ್ತಿತ್ತು. ಮಧ್ಯಮ ವರ್ಗದವರಿಗೆ ಆ ಸಬ್ಸಿಡಿ 2021ರ ಮಾರ್ಚ್ 31ಕ್ಕೆ, ಉಳಿದವರಿಗೆ 2022ರ ಮಾರ್ಚ್ 31ಕ್ಕೆ ನಿಂತುಹೋಯಿತು. ಇಂದಿಗೂ ಬಡಾವಣೆಯ ಫಲಕಗಳಲ್ಲಿ, ಕರಪತ್ರಗಳಲ್ಲಿ ಆ ಅಂಕಿ ಉಳಿದುಕೊಂಡಿದೆ. ಅದನ್ನು ನಂಬಿ ಲೆಕ್ಕ ಹಾಕಿಕೊಂಡ ಕುಟುಂಬ ಕೊನೆಯ ಗಳಿಗೆಯಲ್ಲಿ ಕೈಸಾಲಕ್ಕೆ ಓಡಬೇಕಾಗುತ್ತದೆ. ಆ ಅಂಕಿ ಹೇಳಿ ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಾಗಾದರೆ ಈಗಿನ ಬಡ್ಡಿ ಸಹಾಯಧನ ಎಷ್ಟು, ಹೇಗೆ ಬರುತ್ತದೆ?

ನಿಯಮಗಳು ಹೀಗಿವೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷ ರೂಪಾಯಿ ಮೀರಬಾರದು. ಮನೆಯ ಬೆಲೆ 35 ಲಕ್ಷ, ಗೃಹಸಾಲ 25 ಲಕ್ಷ ಮೀರಬಾರದು. ಕಾರ್ಪೆಟ್ ವಿಸ್ತೀರ್ಣ, ಅಂದರೆ ಗೋಡೆಗಳ ಒಳಗಿನ ಬಳಕೆಯ ಜಾಗ, 120 ಚದರ ಮೀಟರ್‌ವರೆಗೆ ಇರಬಹುದು. ಸಾಲ ಮಂಜೂರಾಗಿ ಬಿಡುಗಡೆಯಾಗಿದ್ದು 2024ರ ಸೆಪ್ಟೆಂಬರ್ 1ರಂದು ಅಥವಾ ಆಮೇಲೆ ಆಗಿರಬೇಕು. ಇಷ್ಟಿದ್ದರೆ ಸಾಲದ ಮೊದಲ 8 ಲಕ್ಷ ರೂಪಾಯಿಗೆ, 12 ವರ್ಷದ ಅವಧಿಯವರೆಗೆ, 4% ಬಡ್ಡಿ ನೆರವಿನ ಲೆಕ್ಕ ಹಾಕುತ್ತಾರೆ. ಗರಿಷ್ಠ ಮೊತ್ತ 1.80 ಲಕ್ಷ ರೂಪಾಯಿ.

ಆ ಹಣ ಒಟ್ಟಿಗೆ ಬರುವುದಿಲ್ಲ. ಐದು ವಾರ್ಷಿಕ ಕಂತುಗಳಲ್ಲಿ, ಪೂರ್ಣ ಮೊತ್ತಕ್ಕೆ ಅರ್ಹರಾದವರಿಗೆ ವರ್ಷಕ್ಕೆ 36,000 ರೂಪಾಯಿಯಂತೆ, ಸಾಲದ ಖಾತೆಗೆ ಜಮೆಯಾಗುತ್ತದೆ. ಮನೆ ಕೊಳ್ಳುವ ದಿನ ನಿಮ್ಮ ಕೈಗೆ ಏನೂ ಬರುವುದಿಲ್ಲ. ಬಿಲ್ಡರ್‌ಗೆ ಕೊಡಬೇಕಾದ ಹಣದಲ್ಲಿ ಇದನ್ನು ಕಳೆದು ಲೆಕ್ಕ ಹಾಕಬೇಡಿ.

ಹಾಗೆಂದು ಇದು ಸಣ್ಣದೇನಲ್ಲ. 20 ಲಕ್ಷ ರೂಪಾಯಿ ಸಾಲ, 8.5% ಬಡ್ಡಿ, 20 ವರ್ಷ ಎಂದುಕೊಳ್ಳೋಣ. ತಿಂಗಳ ಕಂತು ಸುಮಾರು 17,350 ರೂಪಾಯಿ. ಮೊದಲ ಐದು ವರ್ಷ ವರ್ಷಕ್ಕೊಮ್ಮೆ 36,000 ಅಸಲಿಗೆ ಸೇರಿ, ನೀವು ತಿಂಗಳ ಕಂತನ್ನು ಇಳಿಸದೆ ಹಾಗೆಯೇ ಕಟ್ಟುತ್ತಾ ಹೋದರೆ ಸಾಲ ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚೇ ಮೊದಲು ತೀರುತ್ತದೆ. ಬ್ಯಾಂಕಿನವರು ಕಂತು ಇಳಿಸಲೋ ಅವಧಿ ಇಳಿಸಲೋ ಎಂದು ಕೇಳಿದರೆ, ಸಂಸಾರ ತೂಗಿಸಲು ಸಾಧ್ಯವಿರುವವರೆಗೂ ಅವಧಿಯನ್ನೇ ಇಳಿಸಲು ಹೇಳಿ. ಕೇಳದಿದ್ದರೆ ನೀವೇ ಬರೆದುಕೊಡಿ.

9 ಲಕ್ಷ ಅಂದರೆ ನನ್ನೊಬ್ಬನ ಸಂಬಳವೋ, ಇಬ್ಬರದೂ ಸೇರಿಯೋ?

ಕುಟುಂಬದ್ದು. ಯೋಜನೆಯ ಪ್ರಕಾರ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಗಂಡನಿಗೆ 6 ಲಕ್ಷ, ಹೆಂಡತಿಗೆ 4 ಲಕ್ಷ ಆದಾಯವಿದ್ದರೆ ಆ ಕುಟುಂಬ ಅರ್ಹವಲ್ಲ. ಕಡಿಮೆ ಸಂಬಳದವರ ಹೆಸರಿನಲ್ಲಿ ಮಾತ್ರ ಅರ್ಜಿ ಹಾಕಿ ಇನ್ನೊಬ್ಬರದನ್ನು ಮುಚ್ಚಿಡಲು ಸಲಹೆ ಕೊಡುವವರಿದ್ದಾರೆ. ಅರ್ಜಿ ಆಧಾರ್‌ಗೆ ಜೋಡಣೆಯಾಗಿರುತ್ತದೆ, ಸುಳ್ಳು ಘೋಷಣೆಗೆ ಸಹಿ ಹಾಕಿದ ಹೊಣೆ ನಿಮ್ಮದೇ ಆಗುತ್ತದೆ. 1.80 ಲಕ್ಷಕ್ಕಾಗಿ ಆ ಭಯವನ್ನು ಹೊತ್ತು ಬದುಕಬೇಡಿ.

ಆದಾಯದ ಮೇಲೆ ಮೂರು ವರ್ಗಗಳಿವೆ: 3 ಲಕ್ಷದವರೆಗೆ ಆರ್ಥಿಕವಾಗಿ ದುರ್ಬಲರು, 3ರಿಂದ 6 ಲಕ್ಷ ಕಡಿಮೆ ಆದಾಯದವರು, 6ರಿಂದ 9 ಲಕ್ಷ ಮಧ್ಯಮ ಆದಾಯದವರು. ಬಡ್ಡಿ ಸಹಾಯಧನ ಮೂರೂ ವರ್ಗಕ್ಕೆ ಇದೆ. ಮನೆ ಕಟ್ಟಲು ಕೊಡುವ ಅನುದಾನ ಮೊದಲ ವರ್ಗಕ್ಕೆ ಮಾತ್ರ.

ಊರಿನಲ್ಲಿ ಅಪ್ಪನ ಹೆಸರಿನಲ್ಲಿ ಮನೆ ಇದೆ. ನನಗೆ ಸಿಗುವುದಿಲ್ಲವೇ?

ಅತಿ ಹೆಚ್ಚು ಗೊಂದಲವಿರುವುದು ಇಲ್ಲೇ. ನಿಯಮ ಹೇಳುವುದು: ಅರ್ಜಿದಾರರ ಕುಟುಂಬದ ಯಾರ ಹೆಸರಿನಲ್ಲೂ ದೇಶದ ಯಾವ ಭಾಗದಲ್ಲೂ ಪಕ್ಕಾ ಮನೆ ಇರಬಾರದು. ನಿಮಗೆ ಮದುವೆಯಾಗಿದ್ದರೆ ನಿಮ್ಮ ಕುಟುಂಬ ಎಂದರೆ ನೀವು, ನಿಮ್ಮ ಪತ್ನಿ ಅಥವಾ ಪತಿ, ಮದುವೆಯಾಗದ ಮಕ್ಕಳು. ತಂದೆಯ ಹೆಸರಿನಲ್ಲಿರುವ ಮನೆ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಊರ ಮನೆಯ ಖಾತೆ ನಿಮ್ಮ ಹೆಸರಿಗೆ ಬಂದಿದ್ದರೆ ಮಾತು ಬೇರೆ. ಆ ಮನೆಯಲ್ಲಿ ನೀವು ವಾಸವಿಲ್ಲದಿದ್ದರೂ ಅದು ನಿಮ್ಮದೇ ಮನೆ. ಹೆಂಡತಿಗೆ ತವರಿನಿಂದ ದಾನಪತ್ರದ ಮೂಲಕ ಬಂದ ಮನೆಯೂ ಹಾಗೆಯೇ.

ಮದುವೆಯಾಗದ, ದುಡಿಯುತ್ತಿರುವ ಮಕ್ಕಳ ವಿಷಯ ಸೂಕ್ಷ್ಮ. ವ್ಯಾಖ್ಯಾನದಲ್ಲಿ ಅವರು ತಂದೆತಾಯಿಯ ಕುಟುಂಬದೊಳಗೇ ಸೇರಿದ್ದಾರೆ. ಅಂಥವರು ಸಾಲ ಕೊಡುವ ಬ್ಯಾಂಕಿನಿಂದ ತಮ್ಮ ಅರ್ಹತೆಯ ಬಗ್ಗೆ ಲಿಖಿತ ಉತ್ತರ ಪಡೆದ ಮೇಲೆಯೇ ಮುಂದಿನ ಹೆಜ್ಜೆ ಇಡಲಿ.

ಇನ್ನೊಂದು ಷರತ್ತು ಇದೆ. ಕಳೆದ 20 ವರ್ಷಗಳಲ್ಲಿ ಕೇಂದ್ರ, ರಾಜ್ಯ ಅಥವಾ ಸ್ಥಳೀಯ ಸಂಸ್ಥೆಯ ಯಾವುದೇ ವಸತಿ ಯೋಜನೆಯಲ್ಲಿ ನೆರವು ಪಡೆದಿರಬಾರದು. ನಮ್ಮಲ್ಲಿ ಎಲ್ಲರೂ "ಆಶ್ರಯ ಮನೆ" ಎಂದು ಕರೆಯುವ ಮನೆ ನಿಮ್ಮ ಕುಟುಂಬಕ್ಕೆ ಆ ಅವಧಿಯಲ್ಲಿ ಮಂಜೂರಾಗಿದ್ದರೆ ಬಾಗಿಲು ಮುಚ್ಚಿದಂತೆಯೇ.

ನನ್ನ ಹೆಸರಿನಲ್ಲಿ ಸೈಟ್ ಇದೆ, ಮನೆ ಇಲ್ಲ. ಅದು ಅಡ್ಡಿಯೇ?

ಅಡ್ಡಿಯಲ್ಲ. ನೋಡುವುದು ಪಕ್ಕಾ ಮನೆ ಇದೆಯೇ ಎಂದು ಮಾತ್ರ. ಸೈಟಿನ ಮೇಲೆ ಮನೆ ಕಟ್ಟಲು ತೆಗೆದ ಸಾಲಕ್ಕೂ ಬಡ್ಡಿ ಸಹಾಯಧನ ಅನ್ವಯಿಸುತ್ತದೆ, ಹಳೆಯ ಮನೆಯನ್ನು ಬೇರೆಯವರಿಂದ ಕೊಂಡರೂ ಅನ್ವಯಿಸುತ್ತದೆ.

ಕುಟುಂಬದ ಆದಾಯ 3 ಲಕ್ಷದೊಳಗಿದ್ದು ಸೈಟ್ ಪಟ್ಟಣದ ಮಿತಿಯಲ್ಲಿದ್ದರೆ ಸಾಲದ ದಾರಿ ಹಿಡಿಯುವ ಮೊದಲು ಅನುದಾನದ ದಾರಿ ನೋಡಿ. ಕರ್ನಾಟಕದಂಥ ರಾಜ್ಯಗಳಲ್ಲಿ ಪ್ರತಿ ಮನೆಗೆ ಕೇಂದ್ರದ ಪಾಲು 1.50 ಲಕ್ಷ, ರಾಜ್ಯದ ಪಾಲು ಕನಿಷ್ಠ 1 ಲಕ್ಷ, ಒಟ್ಟು 2.50 ಲಕ್ಷ. ಇದನ್ನು ಹಿಂದಿರುಗಿಸಬೇಕಾಗಿಲ್ಲ. ಅರ್ಜಿ ನಿಮ್ಮ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಮೂಲಕ ಹೋಗುತ್ತದೆ. ಒಂದೇ ಕುಟುಂಬಕ್ಕೆ ಎರಡೂ ಸಿಗುವುದಿಲ್ಲ, ಆದ್ದರಿಂದ ಲೆಕ್ಕ ಹಾಕಿ ಒಂದನ್ನು ಆರಿಸಿಕೊಳ್ಳಿ.

ಬೆಂಗಳೂರಿನಲ್ಲಿ 35 ಲಕ್ಷಕ್ಕೆ ಮನೆ ಎಲ್ಲಿ ಸಿಗುತ್ತದೆ?

ಈ ಪ್ರಶ್ನೆ ಕೇಳುವವರ ಸಂಕಟ ನಮಗೆ ಅರ್ಥವಾಗುತ್ತದೆ. ದೇಶದ ಎಲ್ಲ ನಗರಗಳಿಗೂ ಒಂದೇ ಬೆಲೆ ಮಿತಿ ಇಟ್ಟಿರುವುದು ಈ ಯೋಜನೆಯ ದೊಡ್ಡ ಕೊರತೆ ಎಂದೇ ನಮ್ಮ ಅಭಿಪ್ರಾಯ. ಗದಗಿನಲ್ಲಿ, ದಾವಣಗೆರೆಯಲ್ಲಿ, ಕಲಬುರಗಿಯಲ್ಲಿ 35 ಲಕ್ಷದೊಳಗೆ ಎರಡು ಕೋಣೆಯ ಒಳ್ಳೆಯ ಮನೆ ಹುಡುಕಬಹುದು. ಬೆಂಗಳೂರಿನಲ್ಲಿ ಅದೇ ಹಣಕ್ಕೆ ನಗರದ ಅಂಚಿಗೆ, ಕೆಲಸದ ಜಾಗದಿಂದ ಬಹಳ ದೂರಕ್ಕೆ ಹೋಗಬೇಕು. ಅತಿ ದುಬಾರಿ ಬಾಡಿಗೆ ಕೊಡುತ್ತಿರುವ ಕುಟುಂಬಗಳಿಗೇ ನೆರವು ಎಟುಕುವುದಿಲ್ಲ.

ದೂರ ಹೋಗುವ ಮೊದಲು ಲೆಕ್ಕ ಹಾಕಿ. ಸಹಾಯಧನ ಐದು ವರ್ಷ, ತಿಂಗಳಿಗೆ ಸರಾಸರಿ 3,000 ರೂಪಾಯಿ. ಆ ಮನೆಯಿಂದ ಇಬ್ಬರು ದಿನವೂ ಕೆಲಸಕ್ಕೆ ಹೋಗಿಬರುವ ಖರ್ಚು ಈಗಿನದಕ್ಕಿಂತ ಅಷ್ಟು ಹೆಚ್ಚಾದರೆ ನೆರವು ಅಲ್ಲಿಗೇ ಮುಗಿಯಿತು, ಮೇಲಾಗಿ ಆ ಖರ್ಚು ಐದು ವರ್ಷಕ್ಕೆ ನಿಲ್ಲುವುದಿಲ್ಲ. ಬೆಂಗಳೂರಿನ ದುಡಿಯುವ ಕುಟುಂಬಗಳು ರಾಜೀವ್ ಗಾಂಧಿ ವಸತಿ ನಿಗಮದ ಒಂದು ಲಕ್ಷ ಬಹುಮಹಡಿ ವಸತಿ ಯೋಜನೆಯನ್ನೂ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಟ್ಟಿರುವ ಫ್ಲ್ಯಾಟ್‌ಗಳನ್ನೂ ವಿಚಾರಿಸಬೇಕು. ಬೇರೆ ಜಿಲ್ಲೆಗಳಲ್ಲಿ ಕರ್ನಾಟಕ ಗೃಹ ಮಂಡಳಿಯ ಬಡಾವಣೆಗಳಿವೆ. ಇವುಗಳ ಹಂಚಿಕೆಗೆ ಕಾಯಬೇಕಾಗುತ್ತದೆ ನಿಜ, ಆದರೆ ಜಮೀನಿನ ದಾಖಲೆಯ ತಲೆನೋವು ಖಾಸಗಿ ಬಡಾವಣೆಗಿಂತ ಕಡಿಮೆ.

ಬಿಲ್ಡರ್ "ಕಾಗದದಲ್ಲಿ 35 ಲಕ್ಷ ತೋರಿಸೋಣ, ಉಳಿದದ್ದನ್ನು ನಗದಾಗಿ ಕೊಡಿ" ಎನ್ನುತ್ತಿದ್ದಾರೆ.

ಬೇಡ. ನಗದಾಗಿ ಕೊಟ್ಟ ಹಣಕ್ಕೆ ಸಾಕ್ಷಿ ಇಲ್ಲ; ನಾಳೆ ಕಟ್ಟಡದ ಕೆಲಸ ನಿಂತುಹೋದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಮುಂದೆ ಕಾಗದದಲ್ಲಿರುವ ಮೊತ್ತವನ್ನಷ್ಟೇ ಕೇಳಬಹುದು. ಆ ನಗದಿಗೆ ಬ್ಯಾಂಕ್ ಸಾಲವೂ ಸಿಗುವುದಿಲ್ಲ. ಮುಂದೆ ಮನೆ ಮಾರುವಾಗ ಕೊಂಡ ಬೆಲೆ ಕಡಿಮೆ ಎಂದು ತೋರಿ ಲಾಭದ ಮೇಲಿನ ತೆರಿಗೆ ಹೆಚ್ಚಾಗುತ್ತದೆ. ಇಂಥ ಮಾತು ಬಂದ ಕ್ಷಣವೇ ಆ ವ್ಯವಹಾರದಿಂದ ಎದ್ದುಬನ್ನಿ.

ಮುದ್ರಾಂಕ ಶುಲ್ಕದ ರಿಯಾಯಿತಿ ಯಾರಿಗೆ?

ಕರ್ನಾಟಕದಲ್ಲಿ ಸಾಮಾನ್ಯ ಮುದ್ರಾಂಕ ಶುಲ್ಕ 5%. ಹೊಸ ಫ್ಲ್ಯಾಟ್ ಮೊದಲ ಬಾರಿಗೆ ನೋಂದಣಿಯಾಗುವಾಗ ಬೆಲೆ 20 ಲಕ್ಷದೊಳಗಿದ್ದರೆ 2%, ಅದಕ್ಕಿಂತ ಮೇಲೆ 45 ಲಕ್ಷದವರೆಗೆ 3%. 2020ರಲ್ಲಿ 35 ಲಕ್ಷದವರೆಗೆ ಇದ್ದ ಈ ರಿಯಾಯಿತಿಯನ್ನು 2021ರಲ್ಲಿ 45 ಲಕ್ಷದವರೆಗೆ ವಿಸ್ತರಿಸಲಾಯಿತು. ಇದಕ್ಕೆ ಆದಾಯದ ಮಿತಿ ಇಲ್ಲ, ಅರ್ಜಿ ಬೇಡ. ಆದರೆ ಸೈಟಿಗೆ, ಸ್ವತಂತ್ರ ಮನೆಗೆ, ಒಬ್ಬರು ಕೊಂಡು ಮತ್ತೊಬ್ಬರಿಗೆ ಮಾರುವ ಫ್ಲ್ಯಾಟಿಗೆ ಇದು ಇಲ್ಲ.

ಶುಲ್ಕದ ಮೇಲೆ 10% ಸೆಸ್, ನಗರ ಪ್ರದೇಶದಲ್ಲಿ 2% ಸರ್ಚಾರ್ಜ್ ಸೇರುತ್ತದೆ. ನೋಂದಣಿ ಶುಲ್ಕ ಮೊದಲು 1% ಇತ್ತು. 2025ರ ಆಗಸ್ಟ್ 31ರಿಂದ 2% ಆಗಿದೆ. ಹಳೆಯ ಲೆಕ್ಕದ ಚೀಟಿ ಹಿಡಿದುಕೊಂಡು ಉಪನೋಂದಣಾಧಿಕಾರಿ ಕಚೇರಿಗೆ ಹೋದವರಿಗೆ ಇದೇ ಆಘಾತ. ಈಗ ನಗರದಲ್ಲಿ ಒಟ್ಟು ಹೊರೆ ಸಾಮಾನ್ಯ ದರದಲ್ಲಿ 7.6%, 45 ಲಕ್ಷದೊಳಗಿನ ಹೊಸ ಫ್ಲ್ಯಾಟಿಗೆ 5.36%, 20 ಲಕ್ಷದೊಳಗಿನದಕ್ಕೆ 4.24%. ಕ್ರಯಪತ್ರದ ಬೆಲೆ ಮತ್ತು ಮಾರ್ಗಸೂಚಿ ದರ, ಅಂದರೆ ಆ ಜಾಗಕ್ಕೆ ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆ, ಈ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ. ಮಾರ್ಗಸೂಚಿ ದರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ನೋಡಬಹುದು.

ಹಾಗಾದರೆ 30 ಲಕ್ಷದ ಫ್ಲ್ಯಾಟಿಗೆ ನನ್ನ ಕೈಯಲ್ಲಿ ಎಷ್ಟು ಹಣ ಇರಬೇಕು?

ಹುಬ್ಬಳ್ಳಿಯಲ್ಲಿ ಕಟ್ಟಡ ಇನ್ನೂ ಮುಗಿಯದ, ಹೊಸದಾದ ಒಂದು ಫ್ಲ್ಯಾಟ್ ಎಂದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲದಲ್ಲಿ ಮನೆಯ ಬೆಲೆಯ 90% ವರೆಗೆ ಕೊಡಬಹುದು. ಅಂದರೆ ಬ್ಯಾಂಕ್ 27 ಲಕ್ಷ ಕೊಡಲು ಒಪ್ಪಬಹುದು. ಆದರೆ ಎಚ್ಚರ, 25 ಲಕ್ಷ ದಾಟಿದರೆ ಸಹಾಯಧನಕ್ಕೆ ನೀವು ಅನರ್ಹರು. ಎರಡು ಲಕ್ಷ ಹೆಚ್ಚು ಸಾಲ ಸಿಕ್ಕಿತೆಂಬ ಸಂತೋಷದಲ್ಲಿ 1.80 ಲಕ್ಷದ ನೆರವು ಕೈತಪ್ಪುತ್ತದೆ. ಆದ್ದರಿಂದ ಸಾಲ 25 ಲಕ್ಷ, ನಿಮ್ಮ ಪಾಲು 5 ಲಕ್ಷ. ಮುದ್ರಾಂಕ ಮತ್ತು ನೋಂದಣಿ 5.36%ರಂತೆ 1,60,800. ಜಿಎಸ್‌ಟಿ 1% ಎಂದರೆ 30,000. ಒಟ್ಟು ಸುಮಾರು 6.9 ಲಕ್ಷ ರೂಪಾಯಿ. ಬ್ಯಾಂಕಿನ ಪ್ರಕ್ರಿಯಾ ಶುಲ್ಕ, ವಕೀಲರ ಶುಲ್ಕ, ಬಾಗಿಲು ಕಿಟಕಿಗೆ ಪರದೆಯಿಂದ ಹಿಡಿದು ಗ್ಯಾಸ್ ಸಂಪರ್ಕದವರೆಗಿನ ಖರ್ಚು ಇದರ ಮೇಲೆ. 8.5% ಬಡ್ಡಿಗೆ 20 ವರ್ಷದ ಸಾಲವಾದರೆ ತಿಂಗಳ ಕಂತು ಸುಮಾರು 21,700.

ಅದೇ 30 ಲಕ್ಷಕ್ಕೆ ಫ್ಲ್ಯಾಟಿನ ಬದಲು ಸ್ವತಂತ್ರ ಮನೆ ಕೊಂಡರೆ ನೋಂದಣಿಯ ಖರ್ಚು 2,28,000 ಆಗುತ್ತದೆ, 67,200 ರೂಪಾಯಿ ಹೆಚ್ಚು. ಯಾವುದು ಒಳ್ಳೆಯದೆಂದು ನಾವು ಹೇಳುವುದಿಲ್ಲ. ನೆಲದ ಮೇಲಿನ ಹಕ್ಕಿಗೆ ಬೆಲೆ ಇದೆ. ಆದರೆ ವ್ಯತ್ಯಾಸ ಮೊದಲೇ ಗೊತ್ತಿರಲಿ.

ಜಿಎಸ್‌ಟಿ ಎಲ್ಲ ಮನೆಗೂ ಇದೆಯೇ?

ಕಟ್ಟಡ ಪೂರ್ಣಗೊಂಡು ಸ್ವಾಧೀನಾನುಭವ ಪತ್ರ, ಅಂದರೆ ಒಸಿ, ಸಿಕ್ಕ ಮೇಲೆ ಮಾರಿದ ಮನೆಗೆ ಜಿಎಸ್‌ಟಿ ಇಲ್ಲ. ನಿರ್ಮಾಣ ಹಂತದಲ್ಲಿ ಕೊಂಡರೆ 5%. 45 ಲಕ್ಷದೊಳಗಿನ ಕೈಗೆಟುಕುವ ಮನೆಯಾದರೆ 1%. ಇಲ್ಲಿ ಕಾರ್ಪೆಟ್ ವಿಸ್ತೀರ್ಣದ ಮಿತಿ ಬೆಂಗಳೂರಿನಲ್ಲಿ 60 ಚದರ ಮೀಟರ್, ರಾಜ್ಯದ ಉಳಿದ ಊರುಗಳಲ್ಲಿ 90 ಚದರ ಮೀಟರ್.

ಹೆಂಡತಿಯ ಹೆಸರಿನಲ್ಲಿ ಕೊಂಡರೆ ಲಾಭವಿದೆಯೇ?

ದೆಹಲಿ, ಮಹಾರಾಷ್ಟ್ರಗಳಂತೆ ಮಹಿಳೆಯರಿಗೆ ಮುದ್ರಾಂಕ ಶುಲ್ಕದಲ್ಲಿ ವಿನಾಯಿತಿ ಕರ್ನಾಟಕದಲ್ಲಿಲ್ಲ. ಆದರೆ ಆವಾಸ್ ಯೋಜನೆಯ ನಿಲುವು ಸ್ಪಷ್ಟ: ಮನೆ ಕುಟುಂಬದ ಮಹಿಳೆಯ ಹೆಸರಿನಲ್ಲಿ ಅಥವಾ ಗಂಡಹೆಂಡತಿಯ ಜಂಟಿ ಹೆಸರಿನಲ್ಲಿ ಇರಬೇಕು. ಕ್ರಯಪತ್ರ ಗಂಡನೊಬ್ಬನ ಹೆಸರಿನಲ್ಲಿ ಆಗಿಹೋದ ಮೇಲೆ ಸೇರಿಸುವುದೆಂದರೆ ಮತ್ತೆ ನೋಂದಣಿ, ಮತ್ತೆ ಖರ್ಚು. ಕರಾರು ಪತ್ರ ಬರೆಸುವಾಗಲೇ ಇಬ್ಬರ ಹೆಸರನ್ನೂ ಹಾಕಿಸಿ. ಸಹಾಯಧನ ಬರಲಿ ಬಿಡಲಿ, ಮನೆಯಲ್ಲಿ ಹೆಣ್ಣುಮಗಳಿಗೆ ದಾಖಲೆಯ ಹಕ್ಕು ಇರುವುದು ಆ ಕುಟುಂಬಕ್ಕೆ ದೊಡ್ಡ ಭದ್ರತೆ ಎಂದು ನಾವು ಮನಸಾರೆ ನಂಬುತ್ತೇವೆ.

ಸಂಬಳದ ಚೀಟಿ ಇಲ್ಲದವರಿಗೆ ಬ್ಯಾಂಕ್ ಸಾಲ ಕೊಡುತ್ತದೆಯೇ?

ಆಟೋ ಓಡಿಸುವವರು, ಹೋಟೆಲಿನಲ್ಲಿ ದುಡಿಯುವವರು, ಟೈಲರ್‌ಗಳು, ತಳ್ಳುಗಾಡಿಯವರು ಕೇಳುವ ಪ್ರಶ್ನೆ ಇದು, ಮತ್ತು ಸಹಾಯಧನಕ್ಕಿಂತ ಇದೇ ದೊಡ್ಡ ಪ್ರಶ್ನೆ. ಸಾಲವೇ ಸಿಗದಿದ್ದರೆ ಬಡ್ಡಿಯ ನೆರವಿನಿಂದ ಏನು ಪ್ರಯೋಜನ? ಸರ್ಕಾರ ಇದಕ್ಕಾಗಿ ಕಡಿಮೆ ಆದಾಯದವರ ಗೃಹಸಾಲಕ್ಕೆ ಖಾತರಿ ಕೊಡುವ ನಿಧಿಯನ್ನು 1,000 ಕೋಟಿಯಿಂದ 3,000 ಕೋಟಿಗೆ ಏರಿಸಿದೆ. ಬ್ಯಾಂಕಿಗೆ ಹೋದಾಗ ಈ ಖಾತರಿಯಡಿ ಸಾಲ ಪರಿಶೀಲಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಬೀದಿಬದಿ ವ್ಯಾಪಾರಿಗಳು, ಪೌರಕಾರ್ಮಿಕರು, ಕಟ್ಟಡ ಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು, ವಿಶ್ವಕರ್ಮ ಯೋಜನೆಯ ಕುಶಲಕರ್ಮಿಗಳು ಯೋಜನೆಯ ವಿಶೇಷ ಗಮನದ ಪಟ್ಟಿಯಲ್ಲಿದ್ದಾರೆ. ಆ ಗುರುತಿನ ಚೀಟಿ ಇದ್ದರೆ ಅರ್ಜಿಯ ಜೊತೆ ಕಡ್ಡಾಯವಾಗಿ ಲಗತ್ತಿಸಿ.

ಇಂದೇ ಮಾಡಬಹುದಾದ ಕೆಲಸವೊಂದಿದೆ: ದುಡಿಮೆಯ ಹಣವನ್ನೆಲ್ಲ ಒಂದೇ ಬ್ಯಾಂಕ್ ಖಾತೆಗೆ ಹಾಕುತ್ತಾ ಬನ್ನಿ. ಯುಪಿಐ ಮೂಲಕ ಬರುವ ಹಣವೂ ಅದೇ ಖಾತೆಗೆ ಬರಲಿ. ಒಂದು ವರ್ಷದ ಖಾತೆ ವಿವರ, ಸಾಧ್ಯವಾದರೆ ಆದಾಯ ತೆರಿಗೆ ರಿಟರ್ನ್, ಇವು ಇದ್ದರೆ ವ್ಯವಸ್ಥಾಪಕರ ಮುಂದೆ ನಿಮ್ಮ ಮಾತಿಗೆ ಬಲ ಬರುತ್ತದೆ.

ಸಾಲ ಬೇಗ ತೀರಿಸಿದರೆ ತೊಂದರೆ ಇದೆಯೇ?

ಇದೆ, ಮತ್ತು ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪ್ರತಿ ಕಂತು ಬಿಡುಗಡೆಯಾಗುವಾಗ ಸಾಲ ಚಾಲ್ತಿಯಲ್ಲಿರಬೇಕು ಮತ್ತು ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಊರಿನ ಜಮೀನು ಮಾರಿ ಬಂದ ಹಣವನ್ನೆಲ್ಲ ಎರಡನೇ ವರ್ಷಕ್ಕೇ ಸಾಲಕ್ಕೆ ಕಟ್ಟಿ ಬಾಕಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಉಳಿದ ಕಂತುಗಳು ನಿಲ್ಲುತ್ತವೆ. ಬಹಳ ಚಿಕ್ಕ ಅವಧಿಯ ಸಾಲದಲ್ಲೂ ಇದೇ ತೊಡಕು: ಏಳು ವರ್ಷದ ಸಾಲದಲ್ಲಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅಸಲು ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಐದನೇ ಕಂತು ಬರುವವರೆಗೆ ಸ್ವಲ್ಪ ತಡೆದು ಆಮೇಲೆ ತೀರಿಸುವುದು ಜಾಣತನ. ಕಂತು ಕಟ್ಟುವುದು ತಪ್ಪಿ ಸಾಲ ವಸೂಲಾಗದ ಪಟ್ಟಿಗೆ ಸೇರದಂತೆಯೂ ನೋಡಿಕೊಳ್ಳಿ.

ಗೃಹಸಾಲದಿಂದ ಆದಾಯ ತೆರಿಗೆ ಉಳಿಯುತ್ತದೆಯಂತೆ?

9 ಲಕ್ಷದೊಳಗಿನ ಕುಟುಂಬಗಳಿಗೆ ಇದು ಈಗ ಹೆಚ್ಚು ಮುಖ್ಯವಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಇಲ್ಲ, ಆದ್ದರಿಂದ ಉಳಿಸಲು ತೆರಿಗೆ ಎಲ್ಲಿದೆ? ಹಳೆಯ ಪದ್ಧತಿಯಲ್ಲಿ ಉಳಿದವರಿಗೆ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷ, ಅಸಲಿಗೆ 1.50 ಲಕ್ಷದ ಮಿತಿಯೊಳಗೆ ಕಡಿತವಿದೆ. ಮೊದಲ ಮನೆಗೆಂದು ಇದ್ದ ಹೆಚ್ಚುವರಿ 1.50 ಲಕ್ಷದ ಕಡಿತ 2022ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ತೆರಿಗೆ ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಮನೆ ಕೊಳ್ಳಿ ಎಂಬ ಮಾತನ್ನು ನಂಬಬೇಡಿ.

ಪಿಎಫ್ ಹಣ ತೆಗೆಯಬಹುದೇ?

ತೆಗೆಯಬಹುದು. ಮನೆಗಾಗಿ ತೆಗೆಯಲು ಹಿಂದೆ ಸಾಮಾನ್ಯವಾಗಿ ಐದು ವರ್ಷದ ಸದಸ್ಯತ್ವ ಬೇಕಿತ್ತು. ಷರತ್ತುಗಳನ್ನು ಸಡಿಲಿಸಿ ಸೇವೆಯ ಅವಧಿಯನ್ನು 12 ತಿಂಗಳಿಗೆ ಇಳಿಸಲು, ಖಾತೆಯಲ್ಲಿ 25% ಹಣ ಉಳಿಸಿಕೊಳ್ಳಲು ಭವಿಷ್ಯ ನಿಧಿ ಮಂಡಳಿ 2025ರ ಅಕ್ಟೋಬರ್‌ನಲ್ಲಿ ನಿರ್ಧರಿಸಿತು. ಕೈಯಿಂದ ಹಾಕಬೇಕಾದ ಹಣಕ್ಕೆ ಖಾಸಗಿ ಸಾಲ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಐವತ್ತರ ಆಸುಪಾಸಿನವರು ನಿವೃತ್ತಿಯ ಹಣವನ್ನು ಪೂರ್ತಿ ಗೋಡೆಗೆ ಸುರಿಯಬೇಡಿ.

ಮನೆ ಹಳ್ಳಿಯಲ್ಲಿದ್ದರೆ?

ನಗರ ಯೋಜನೆ ಶಾಸನಬದ್ಧ ಪಟ್ಟಣಗಳಿಗೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದಂಥ ಸಂಸ್ಥೆಗಳ ಅಧಿಸೂಚಿತ ಯೋಜನಾ ಪ್ರದೇಶಗಳಿಗೆ ಅನ್ವಯ. ಮೈಸೂರಿನ ಸುತ್ತಲಿನ ಗ್ರಾಮ ಪಂಚಾಯಿತಿಯ ಬಡಾವಣೆಯೂ ಇದರೊಳಗೆ ಬರಬಹುದು, ವಿಚಾರಿಸಿ. ಅಪ್ಪಟ ಹಳ್ಳಿಯಾದರೆ ಗ್ರಾಮೀಣ ಆವಾಸ್ ಯೋಜನೆ ಬೇರೆ ಇದೆ: ಬಯಲು ಪ್ರದೇಶದಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. ಅದು ಕಟ್ಟಿಕೊಳ್ಳುವವರಿಗೆ, ಕೊಳ್ಳುವವರಿಗಲ್ಲ. ರಾಜ್ಯದ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ವಿಧವೆಯರು ಅಂಗವಿಕಲರು ಮೊದಲಾದವರಿಗಿರುವ ದೇವರಾಜ ಅರಸು ವಸತಿ ಯೋಜನೆಗಳೂ ಹಾಗೆಯೇ. ತಳಪಾಯ, ಗೋಡೆ, ಚಾವಣಿ ಹೀಗೆ ಹಂತ ಮುಗಿದು ಫೋಟೊ ಸೇರಿದ ಮೇಲೆ ಹಣ ಬಿಡುಗಡೆಯಾಗುತ್ತದೆ. ಹೆಚ್ಚಿನ ಯೋಜನೆಗಳಲ್ಲಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯುವುದರಿಂದ ಸಭೆಗೆ ತಪ್ಪದೆ ಹೋಗಿ.

ನಾನು ಪುಣೆಯಲ್ಲಿ ದುಡಿಯುತ್ತೇನೆ, ಮನೆ ಬೆಳಗಾವಿಯಲ್ಲಿ ಕೊಳ್ಳಬೇಕು.

ಮನೆ ಎಲ್ಲಿದೆಯೋ ಆ ರಾಜ್ಯದ ಮುದ್ರಾಂಕ ಶುಲ್ಕ. ಬಡ್ಡಿ ಸಹಾಯಧನ ಕೇಂದ್ರದ್ದಾದ್ದರಿಂದ ಮಿತಿಗಳು ಎಲ್ಲ ಕಡೆ ಒಂದೇ.

ಅರ್ಜಿ ಎಲ್ಲಿ, ದಾಖಲೆ ಯಾವುವು?

ಆವಾಸ್ ಯೋಜನೆಯ ಜಾಲತಾಣದಲ್ಲಿ ನೀವೇ ಹಾಕಬಹುದು, ಸಾಮಾನ್ಯ ಸೇವಾ ಕೇಂದ್ರದಲ್ಲಿ ಅಥವಾ ನಿಮ್ಮ ನಗರಾಡಳಿತದ ಕಚೇರಿಯಲ್ಲಿ ಹಾಕಿಸಬಹುದು. ಬಡ್ಡಿ ಸಹಾಯಧನಕ್ಕಾದರೆ ಸಾಲ ಕೊಡುವ ಬ್ಯಾಂಕಿನಲ್ಲಿ ಮೊದಲ ದಿನವೇ ಹೇಳಿಬಿಡಿ. ಬ್ಯಾಂಕೇ ನಿಮ್ಮ ಪರವಾಗಿ ಹಕ್ಕು ಕೋರಬೇಕು. ಕುಟುಂಬದ ಎಲ್ಲರ ಆಧಾರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಅನ್ವಯಿಸಿದರೆ ಜಾತಿ ಪ್ರಮಾಣಪತ್ರ, ಆಸ್ತಿಯ ದಾಖಲೆ ಬೇಕು. ಆಧಾರ್‌ನಲ್ಲಿ "ಲಕ್ಷ್ಮೀ", ಪಡಿತರ ಚೀಟಿಯಲ್ಲಿ "ಲಕ್ಷ್ಮಮ್ಮ" ಎಂದಿರುವಂಥ ವ್ಯತ್ಯಾಸಗಳನ್ನು ಮೊದಲು ಸರಿಪಡಿಸಿಕೊಳ್ಳಿ. ಮಂಜೂರು ಮಾಡಿಸಿಕೊಡುತ್ತೇನೆ ಎಂದು ಕಮಿಷನ್ ಕೇಳುವ ದಲ್ಲಾಳಿಗೆ ಯಾವ ಅಧಿಕಾರವೂ ಇಲ್ಲ.

ಮುಂಗಡ ಕೊಡುವ ಮುನ್ನ ಏನು ನೋಡಬೇಕು?

ಇ-ಖಾತಾ, ಅಂದರೆ ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ, ಇದೆಯೇ? ಈಗ ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. ಬಿ ಖಾತಾ, ಅಂದರೆ ಸರಿಯಾದ ಅನುಮೋದನೆ ಇಲ್ಲದ ಆಸ್ತಿಯ ಖಾತೆ, ಆಗಿದ್ದರೆ ಹೆಚ್ಚಿನ ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುತ್ತವೆ. ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ ತೆಗೆಸಿ, ಮೂಲ ಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರ್ ಸೂಚಿಸಿದವರಿಗಲ್ಲ. ಜಮೀನು 500 ಚದರ ಮೀಟರ್‌ಗಿಂತ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿರುವ ಯೋಜನೆ ರೇರಾದಲ್ಲಿ ನೋಂದಣಿಯಾಗಿರಲೇಬೇಕು. ನೋಂದಾಯಿತ ಕರಾರು ಪತ್ರವಿಲ್ಲದೆ ಬೆಲೆಯ 10%ಕ್ಕಿಂತ ಹೆಚ್ಚು ಮುಂಗಡ ಕೇಳುವುದು ರೇರಾ ಕಾಯ್ದೆಗೆ ವಿರುದ್ಧ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಸಿಗುವುದು ಕಷ್ಟವಾಗಿದೆ. ಸಹಾಯಧನದ ಆಸೆಗೆ ಇಂಥ ಮನೆಗೆ ಒಪ್ಪಿಕೊಂಡರೆ ಕಳೆದುಕೊಳ್ಳುವುದು ಲಕ್ಷಗಳಲ್ಲ, ಬದುಕಿನ ದುಡಿಮೆ.

ಅರ್ಹತೆ ಇದ್ದೂ ಅರ್ಜಿ ತಿರಸ್ಕೃತವಾಯಿತು, ಅಥವಾ ಬ್ಯಾಂಕ್ ಸುಮ್ಮನೆ ಕುಳಿತಿದೆ. ಏನು ಮಾಡಲಿ?

ಕಾರಣವನ್ನು ಬರಹದಲ್ಲಿ ಕೇಳಿ. ಹೆಸರಿನ ವ್ಯತ್ಯಾಸ, ಆಧಾರ್ ಜೋಡಣೆ, ಆದಾಯ ಪತ್ರದ ದೋಷವಾಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬಹುದು. ಬ್ಯಾಂಕಿನ ವಿಳಂಬವಾದರೆ ಮೊದಲು ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ನಗರಾಡಳಿತದ ವಿಳಂಬಕ್ಕೆ ಕೇಂದ್ರದ ಸಾರ್ವಜನಿಕ ಕುಂದುಕೊರತೆ ಜಾಲತಾಣವಿದೆ. ಅರ್ಜಿಯ ಸಂಖ್ಯೆ, ಸ್ವೀಕೃತಿ, ಪ್ರತಿ ಪತ್ರದ ನಕಲನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಐದು ವರ್ಷ ಕಂತು ಬರಬೇಕಾದ ನೆರವಾದ್ದರಿಂದ ಆ ಕಡತ ಅಷ್ಟೂ ವರ್ಷ ಬೇಕಾಗುತ್ತದೆ.